ಕೊಡಗಿನ ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತೆ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೊಡಗಿನ ಹೋಮ್‌ಸ್ಟೇ, ಕಾಫಿಪುಡಿ ಅಂಗಡಿ, ಸಹಕಾರ ಸಂಘ, ಹಾಕಿ ಪಂದ್ಯಾವಳಿ, ಯಾವುದರ ಜಾಲತಾಣ ತೆರೆದರೂ ಮೊದಲು ಎದುರಾಗುವುದು ಫೋಟೊ. ಮಂಜು ಕವಿದ ಬೆಟ್ಟ, ಅದರ ಮೇಲೆ ಬಿಳಿ ಅಕ್ಷರ, ಕೆಳಗೆ ದರಪಟ್ಟಿಯ ಒಂದು ಚಿತ್ರ, ಮೂಲೆಯಲ್ಲಿ ವಾಟ್ಸ್‌ಆ್ಯಪ್ ಗುರುತು. ನೋಡುವವರಿಗೆ ಇಷ್ಟು ಸಾಕು. ಕಣ್ಣು ಕಾಣದವರು ಫೋನಿನ ಧ್ವನಿಯಲ್ಲಿ ಇದೇ ಪುಟವನ್ನು ಕೇಳಿದರೆ "ಚಿತ್ರ, ಚಿತ್ರ, ಲಿಂಕ್" ಎಂಬಲ್ಲಿಗೆ ಮುಗಿಯುತ್ತದೆ. ಕೈ ನಡುಗುವವರಿಗೆ ಆ ಮೂಲೆಯ ಗುರುತು ಒತ್ತಲು ಸಿಗುವುದಿಲ್ಲ. ಬಣ್ಣ ಗುರುತಿಸಲಾಗದವರಿಗೆ ಕ್ಯಾಲೆಂಡರಿನಲ್ಲಿ ಯಾವ ದಿನ ಕೋಣೆ ಖಾಲಿ ಇದೆ ಎಂದು ಗೊತ್ತಾಗುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಜಾಲತಾಣ ಕಟ್ಟಿಸಬೇಕಿಲ್ಲ. ಹತ್ತು ಹನ್ನೆರಡು ಪುಟಗಳ ತಾಣವಾದರೆ ಇರುವುದರಲ್ಲೇ ತಿದ್ದಿಕೊಳ್ಳಬಹುದು. ಆದರೆ ಕೆಲಸದ ಕ್ರಮ ಮುಖ್ಯ. ಬಹುತೇಕರು ಬಣ್ಣ ಬದಲಿಸುವುದರಿಂದ ಶುರುಮಾಡುತ್ತಾರೆ, ಏಕೆಂದರೆ ಅದು ಸುಲಭ. ಕನ್ನಡದ ತಾಣಗಳಲ್ಲಿ ಮೊದಲು ನೋಡಬೇಕಾದ್ದು ಅಕ್ಷರವನ್ನು. ಪುಟದಲ್ಲಿ ಕಾಣುವುದು ಕಂಪ್ಯೂಟರಿಗೂ ಅಕ್ಷರವೇ ಹೌದೇ ಎಂಬುದು ಇತ್ಯರ್ಥವಾಗದೆ ಮುಂದಿನ ಯಾವ ಕೆಲಸಕ್ಕೂ ಬೆಲೆಯಿಲ್ಲ.

ಒಂದು ಸೂಚನೆ: ಕೋಡ್‌ನಲ್ಲಿ ಬರುವ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

## ಯಾವ ಅಳತೆಗೋಲು

ಜಾಲತಾಣವನ್ನು ಅಂಗವಿಕಲರೂ ಬಳಸಬಹುದೇ ಎಂದು ಅಳೆಯಲು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವುದು ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ. ಇದರ 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಎ, ಎಎ, ಎಎಎ ಎಂದು ಮೂರು ಹಂತಗಳಿವೆ, ಎಎಎ ಎಲ್ಲಕ್ಕಿಂತ ಬಿಗಿ. ಎಎ ಹಂತವನ್ನು ಗುರಿಯಾಗಿಟ್ಟುಕೊಳ್ಳಿ. ಎಎಎ ಹಂತವನ್ನು ಇಡೀ ತಾಣಕ್ಕೆ ಹಾಕಿಕೊಳ್ಳಲು ಹೊರಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಭಾರತದ ಸರ್ಕಾರಿ ತಾಣಗಳಿಗೆ ಜಿಐಜಿಡಬ್ಲ್ಯು ಎಂಬ ಪ್ರತ್ಯೇಕ ಮಾರ್ಗಸೂಚಿ ಇದೆ. ಗ್ರಾಮ ಪಂಚಾಯಿತಿಗೋ ಇಲಾಖೆಗೋ ತಾಣ ಮಾಡಿಕೊಡುವವರು ಅದನ್ನೂ ಓದಿಕೊಂಡಿರಬೇಕು.

ಕಾನೂನಿನ ಮಾತು ಚಿಕ್ಕದಾಗಿ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 46ನೇ ಸೆಕ್ಷನ್ ಸರ್ಕಾರಿ ಸೇವೆಗಷ್ಟೇ ಅಲ್ಲ, ಖಾಸಗಿ ಸೇವೆ ಕೊಡುವವರಿಗೂ ಅನ್ವಯಿಸುತ್ತದೆ. 89ನೇ ಸೆಕ್ಷನ್ ಪ್ರಕಾರ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ತಲುಪುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಹೇಳಿದೆ.

## ಮೊದಲು ಕೇಳಿಸಿಕೊಳ್ಳಿ

ಪರದೆಯಲ್ಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಅಂಥ ಎರಡು ಸಾಧನ ಸಾಕು, ಎರಡಕ್ಕೂ ದುಡ್ಡಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್. ಎನ್‌ವಿಡಿಎ ಮುಕ್ತ ತಂತ್ರಾಂಶ. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ಎನ್‌ವಿಡಿಎ ಕೀಲಿ, ಅಂದರೆ ಇನ್ಸರ್ಟ್, ಕಂಟ್ರೋಲ್ ಮತ್ತು ವಿ ಒಟ್ಟಿಗೆ ಒತ್ತಿದರೆ ಧ್ವನಿಯ ಸೆಟ್ಟಿಂಗ್ ತೆರೆಯುತ್ತದೆ, ಅಲ್ಲಿ ಕನ್ನಡ ಆರಿಸಿ. ಧ್ವನಿ ಯಂತ್ರದಂತೆ ಒರಟಾಗಿದೆ ಎಂದು ಬಿಟ್ಟುಬಿಡಬೇಡಿ. ದಿನವೂ ಬಳಸುವವರು ಇದೇ ಧ್ವನಿಯನ್ನು ಇನ್ನೂ ವೇಗವಾಗಿ ಓಡಿಸಿ ಕೇಳುತ್ತಾರೆ.

ಪುಟ ತೆರೆದ ಮೇಲೆ ಎಚ್ ಒತ್ತಿದರೆ ಒಂದು ತಲೆಬರಹದಿಂದ ಇನ್ನೊಂದಕ್ಕೆ, ಕೆ ಒತ್ತಿದರೆ ಲಿಂಕಿಗೆ, ಜಿ ಒತ್ತಿದರೆ ಚಿತ್ರಕ್ಕೆ, ಎಫ್ ಒತ್ತಿದರೆ ಫಾರಂ ತುಂಬುವ ಜಾಗಕ್ಕೆ, ಟಿ ಒತ್ತಿದರೆ ಕೋಷ್ಟಕಕ್ಕೆ ಹೋಗುತ್ತದೆ. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಲಿಂಕ್, ತಲೆಬರಹಗಳ ಪಟ್ಟಿ ಬರುತ್ತದೆ. ಮಾತು ನಿಲ್ಲಿಸಲು ಕಂಟ್ರೋಲ್. ಇನ್ಸರ್ಟ್ ಮತ್ತು ಕ್ಯೂ ಒತ್ತಿದರೆ ಎನ್‌ವಿಡಿಎಯಿಂದಲೇ ಹೊರಗೆ.

ಟಾಕ್‌ಬ್ಯಾಕ್ ಹಾಕುವ ಮುನ್ನ ಅದನ್ನು ಆಫ್ ಮಾಡುವುದು ಹೇಗೆಂದು ತಿಳಿದುಕೊಳ್ಳಿ. ಹಾಕಿದ ಕೂಡಲೇ ಫೋನು ಬೇರೆ ರೀತಿ ವರ್ತಿಸುತ್ತದೆ, ಹೊಸಬರು ಅಲ್ಲೇ ಸಿಕ್ಕಿಬೀಳುತ್ತಾರೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಶಾರ್ಟ್‌ಕಟ್ ಚಾಲೂ ಮಾಡಿಟ್ಟರೆ ವಾಲ್ಯೂಮ್‌ನ ಎರಡೂ ಬಟನ್ ಮೂರು ಸೆಕೆಂಡ್ ಹಿಡಿದರೆ ಆನ್ ಆಗುತ್ತದೆ, ಮತ್ತೆ ಹಿಡಿದರೆ ಆಫ್ ಆಗುತ್ತದೆ. ಬಲಕ್ಕೆ ಬೆರಳೆಳೆದರೆ ಮುಂದಿನದು, ಎರಡು ಸಲ ತಟ್ಟಿದರೆ ಆಯ್ಕೆ. ಅದೇ ವಿಭಾಗದ ಟೆಕ್ಸ್ಟ್ ಟು ಸ್ಪೀಚ್‌ನಲ್ಲಿ ಕನ್ನಡ ಧ್ವನಿಯ ದತ್ತಾಂಶ ಇಳಿಸಿಕೊಳ್ಳಿ. ಇಳಿಸದಿದ್ದರೆ ಕನ್ನಡ ಪುಟ ಮೌನವಾಗಿರುತ್ತದೆ, ತಪ್ಪು ತಾಣದ್ದೆಂದು ನೀವು ತಿಳಿದುಕೊಳ್ಳುತ್ತೀರಿ.

ಈಗ ನಿಮ್ಮ ಮುಖಪುಟವನ್ನು ಪರದೆ ನೋಡದೆ ಒಮ್ಮೆ ಪೂರ್ತಿ ಕೇಳಿ. ಕೋಣೆಯ ಬಾಡಿಗೆ, ಫೋನ್ ನಂಬರು, ಬರುವ ದಾರಿ, ಈ ಮೂರು ಸಿಕ್ಕವೇ ಬರೆದಿಟ್ಟುಕೊಳ್ಳಿ. ಸಿಗದೇ ಹೋದದ್ದೇ ನಿಮ್ಮ ಕೆಲಸದ ಪಟ್ಟಿ.

## ಅಕ್ಷರ ನಿಜವಾಗಿ ಅಕ್ಷರವೇ?

ಕನ್ನಡದ ತಾಣಗಳಲ್ಲಿ ಹೆಚ್ಚಾಗಿ ಕಾಡುವ ಮೂರು ತೊಡಕುಗಳಿವೆ. ಮೊದಲ ಎರಡು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದು ಅಪರೂಪ, ಅದಕ್ಕೇ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಮೊದಲನೆಯದು ಹಳೆಯ ಆಸ್ಕಿ ಫಾಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಸ್ಕ್ರೀನ್ ರೀಡರ್ ಓದುವುದು ಆ ಗೋಜಲನ್ನೇ. ಪತ್ತೆ ಹಚ್ಚುವುದು ಸುಲಭ: ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡ ಬಂದರೆ ಯುನಿಕೋಡ್, ವಿಚಿತ್ರ ಚಿಹ್ನೆ ಬಂದರೆ ಆಸ್ಕಿ. ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಿದ ಮೇಲೂ ಒಮ್ಮೆ ಕಣ್ಣಾಡಿಸಲೇಬೇಕು. ಅರ್ಕಾವತ್ತು ಇರುವ ಪದಗಳು ಕೆಡುತ್ತವೆ, ನಡುವೆ ಇದ್ದ ಇಂಗ್ಲಿಷ್ ಪದ ಮತ್ತು ಇಮೇಲ್ ವಿಳಾಸ ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುತ್ತವೆ. ಸಂಘಗಳ ಹಳೆಯ ಮಹಾಸಭೆ ವರದಿಗಳಲ್ಲಿ ಈ ಕಾಟ ಹೆಚ್ಚು.

ಎರಡನೆಯದು ಅನುಸ್ವಾರ ಮತ್ತು ಸೊನ್ನೆ. "ಸುಂಟಿಕೊಪ್ಪ" ಮತ್ತು "ಸು೦ಟಿಕೊಪ್ಪ" ಕಣ್ಣಿಗೆ ಒಂದೇ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ ಅಂಕಿ. ಧ್ವನಿ ಅದನ್ನು ಪದದ ನಡುವೆ ಅಂಕಿಯೆಂದು ಓದಿ ಪದವನ್ನೇ ಮುರಿಯುತ್ತದೆ. ಹುಡುಕುವವರಿಗೂ ಆ ಪುಟ ಸಿಗುವುದಿಲ್ಲ, ಅಂದರೆ ನಷ್ಟ ಎಲ್ಲರಿಗೂ. ಎಡಿಟರಿನ ಹುಡುಕು-ಬದಲಿಸು ಸೌಲಭ್ಯದಲ್ಲಿ ಸೊನ್ನೆ ಅಂಕಿಯನ್ನು ಹುಡುಕಿ, ಅಕ್ಷರದ ಪಕ್ಕ ಕೂತಿರುವುದನ್ನೆಲ್ಲ ಅನುಸ್ವಾರ ಮಾಡಿ. ಕಣ್ಣುಮುಚ್ಚಿ ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ದರಪಟ್ಟಿಯ ಕನ್ನಡ ಅಂಕಿಗಳೂ ಹಾಳಾಗುತ್ತವೆ.

ಮೂರನೆಯದು ಚಿತ್ರದೊಳಗಿನ ಅಕ್ಷರ. ಕೈಲ್‌ಪೊಳ್ದ್ ಶುಭಾಶಯ, ಪುತ್ತರಿ ರಿಯಾಯಿತಿ, ಮಳೆಗಾಲದ ದರ, ಎಲ್ಲವೂ ವಾಟ್ಸ್‌ಆ್ಯಪ್‌ಗೆಂದು ಮಾಡಿದ ಪೋಸ್ಟರನ್ನೇ ತಾಣಕ್ಕೂ ಏರಿಸುವ ಅಭ್ಯಾಸ ಬೆಳೆದಿದೆ. ಪೋಸ್ಟರ್ ಇರಲಿ, ಆದರೆ ಅದರಲ್ಲಿರುವ ಪ್ರತಿಯೊಂದು ಮಾತೂ ಕೆಳಗೆ ಪಠ್ಯವಾಗಿ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರಿನಲ್ಲಿ ಚಿತ್ರ ಇಳಿಯದೆ ಪಠ್ಯ ಮಾತ್ರ ಬರುವುದು ಮಾಮೂಲು, ಆಗ ಉಳಿದವರಿಗೂ ಇದೇ ಆಧಾರ.

## ಪುಟ ಯಾವ ಭಾಷೆಯದೆಂದು ಹೇಳಿ

ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಲ್ಯಾಂಗ್ ಎಂಬ ಗುಣಕ್ಕೆ ಕನ್ನಡವಾದರೆ ಕೆಎನ್, ಇಂಗ್ಲಿಷಾದರೆ ಇಎನ್ ಎಂದು ಕೊಡಬೇಕು. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್‌ನ ಸಾಮಾನ್ಯ ಪುಟದಲ್ಲಿ ತಾಣದ ಭಾಷೆ ಬದಲಿಸಿದರೆ ಇದು ತಾನಾಗಿ ಬರುತ್ತದೆ. ತಯಾರಾದ ಥೀಮುಗಳಲ್ಲಿ ಇಂಗ್ಲಿಷ್ ಎಂದೇ ಉಳಿದುಬಿಡುವುದು ಹೆಚ್ಚು. ಆಗ ಸ್ಕ್ರೀನ್ ರೀಡರ್ ಕನ್ನಡ ಪಠ್ಯಕ್ಕೆ ಇಂಗ್ಲಿಷ್ ಧ್ವನಿಯನ್ನು ಹೂಡುತ್ತದೆ, ಆ ಧ್ವನಿಗೆ ಕನ್ನಡ ಬಾರದಿದ್ದರೆ ಪಠ್ಯ ಬಿಟ್ಟುಹೋಗುತ್ತದೆ ಅಥವಾ ಬಿಡಿ ಅಕ್ಷರಗಳಾಗಿ ಕೇಳಿಸುತ್ತದೆ. ಕನ್ನಡ ಪುಟದ ನಡುವೆ ಇಂಗ್ಲಿಷ್ ಪ್ಯಾರಾ ಇದ್ದರೆ ಆ ಪ್ಯಾರಾಗೆ ಮಾತ್ರ ಪ್ರತ್ಯೇಕವಾಗಿ ಇಎನ್ ಹಾಕಿ. ಒಂದೊಂದು ಇಂಗ್ಲಿಷ್ ಪದಕ್ಕೂ ಹಾಕುತ್ತ ಹೋಗಬೇಡಿ, ಧ್ವನಿ ಗಳಿಗೆಗೊಮ್ಮೆ ಬದಲಾಗಿ ಕೇಳುವವರಿಗೆ ತಲೆನೋವು.

ಕೊಡವ ತಕ್ಕ್‌ಗೆ ಕೆಎಫ್ಎ, ತುಳುವಿಗೆ ಟಿಸಿವೈ ಎಂಬ ಸಂಕೇತಗಳಿವೆ. ನಿಯಮದ ಪ್ರಕಾರ ಕೊಡವ ಪ್ಯಾರಾಗಳಿಗೆ ಕೆಎಫ್ಎ ಹಾಕುವುದೇ ಸರಿ. ಆ ಸಂಕೇತಕ್ಕೆ ಧ್ವನಿ ಸಿಗದಿದ್ದರೆ ಯಾವ ಧ್ವನಿ ಓದುತ್ತದೆ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆ. ಹಾಕಿದ ಮೇಲೆ ಎನ್‌ವಿಡಿಎ, ಟಾಕ್‌ಬ್ಯಾಕ್ ಎರಡರಲ್ಲೂ ಕೇಳಿ. ಕನ್ನಡ ಧ್ವನಿಯೇ ಮುಂದುವರಿದರೆ ಕೊಡವದ ಉಚ್ಚಾರ ಸರಿಯಿರದಿದ್ದರೂ ಮಾತು ತಿಳಿಯುತ್ತದೆ. ಇಂಗ್ಲಿಷಿಗೆ ಜಾರಿ ಕೆಟ್ಟರೆ ಸಂಕೇತಕ್ಕಿಂತ ಕೇಳುವವರಿಗೆ ತಿಳಿಯುವುದು ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಅರೆಭಾಷೆಯ ಪಠ್ಯಕ್ಕೆ ಕೆಎನ್ ಸಾಕು.

## ತಲೆಬರಹ ಮತ್ತು ಲಿಂಕು

ಪುಟಕ್ಕೊಂದು ಎಚ್1, ಭಾಗಗಳಿಗೆ ಎಚ್2, ಅದರೊಳಗೆ ಎಚ್3. ದಪ್ಪ ಅಕ್ಷರ ಮಾಡಿದರೆ ತಲೆಬರಹ ಆಗುವುದಿಲ್ಲ. ಚಿಕ್ಕದಾಗಿ ಕಾಣಲೆಂದು ಎಚ್2 ಬಿಟ್ಟು ಎಚ್4 ಬಳಸುವುದೂ ತಪ್ಪು, ಗಾತ್ರ ಬದಲಿಸಲು ಸಿಎಸ್ಎಸ್ ಇದೆ. ಮುಖ್ಯ ಭಾಗವನ್ನು ಮೇನ್, ಮೆನುವನ್ನು ನ್ಯಾವ್, ಅಡಿಭಾಗವನ್ನು ಫೂಟರ್ ಟ್ಯಾಗಿನೊಳಗೆ ಇಡಿ.

ಲಿಂಕಿನ ಮಾತು ಒಂಟಿಯಾಗಿ ಕೇಳಿದರೂ ಅರ್ಥವಾಗಬೇಕು. ಇನ್ಸರ್ಟ್ ಎಫ್7 ಪಟ್ಟಿಯಲ್ಲಿ ಹತ್ತು ಸಲ "ಇಲ್ಲಿ ಕ್ಲಿಕ್ಕಿಸಿ" ಬಂದರೆ ಯಾವುದು ದುಬಾರೆಯದು, ಯಾವುದು ಇರ್ಪುವಿನದು? "ದುಬಾರೆಗೆ ಹೋಗುವ ದಾರಿ" ಎಂದೇ ಬರೆಯಿರಿ. ವಾಟ್ಸ್‌ಆ್ಯಪ್ ಗುರುತಿನ ಲಿಂಕಿಗೆ ಏರಿಯಾ-ಲೇಬಲ್ ಗುಣದಲ್ಲಿ "ವಾಟ್ಸ್‌ಆ್ಯಪ್‌ನಲ್ಲಿ ಕೇಳಿ" ಎಂದು ಹೆಸರು ಕೊಡಿ. ಇಲ್ಲದಿದ್ದರೆ ಫೋನ್ ನಂಬರು ಸೇರಿದ ಉದ್ದ ವಿಳಾಸವನ್ನು ಅಂಕಿ ಅಂಕಿಯಾಗಿ ಓದುತ್ತದೆ.

## ಚಿತ್ರಕ್ಕೆ ಮಾತು

ಪ್ರತಿ ಚಿತ್ರಕ್ಕೂ ಆಲ್ಟ್ ಗುಣ, ಅಂದರೆ ಚಿತ್ರದ ಬದಲು ಓದಿ ಹೇಳುವ ಮಾತು, ಇರಬೇಕು. ಏನು ಬರೆಯಬೇಕೆಂಬುದು ಚಿತ್ರ ಅಲ್ಲಿ ಯಾಕಿದೆ ಎಂಬುದನ್ನು ಅವಲಂಬಿಸಿದೆ. ಅಲಂಕಾರಕ್ಕೆ ಹಾಕಿದ ಕಾಫಿ ಹೂವಿನ ಅಂಚು ಪಟ್ಟಿಗೆ ಆಲ್ಟ್ ಇರಲಿ, ಒಳಗೆ ಖಾಲಿ ಬಿಡಿ. ಆಲ್ಟ್ ಅನ್ನೇ ಬಿಟ್ಟರೆ ಕೆಲವು ಸ್ಕ್ರೀನ್ ರೀಡರ್‌ಗಳು ಫೈಲಿನ ಹೆಸರು ಓದುತ್ತವೆ, ಕ್ಯಾಮೆರಾ ಕೊಟ್ಟ ಅಂಕಿಗಳನ್ನೆಲ್ಲ ಕೇಳಬೇಕಾಗುತ್ತದೆ.

ಮನೆಯ ಮುಂಭಾಗದ ಫೋಟೊಗೆ "ಸುಂದರ ಹೋಮ್‌ಸ್ಟೇ" ಎಂದು ಬರೆದರೆ ಯಾರಿಗೂ ಏನೂ ಸಿಗುವುದಿಲ್ಲ. "ಹೆಂಚಿನ ಮನೆ, ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಎಡಕ್ಕೆ ಹಿಡಿಕಂಬಿ" ಎಂದರೆ ಬರುವವರಿಗೆ ಬೇಕಾದ್ದು ಸಿಕ್ಕಿತು. "ಚಿತ್ರ" ಎಂಬ ಪದ ಬೇಡ, ಅದನ್ನು ಸಾಧನವೇ ಹೇಳುತ್ತದೆ. ಒಂದೆರಡು ಸಾಲು ಮೀರುವ ವಿವರವಿದ್ದರೆ ಪುಟದಲ್ಲೇ ಬರೆಯಿರಿ. ಗ್ಯಾಲರಿಯಲ್ಲಿ ಒಂದೇ ಬೆಟ್ಟದ ಇಪ್ಪತ್ತು ಫೋಟೊ ಇದ್ದರೆ ಇಪ್ಪತ್ತು ಆಲ್ಟ್ ಬರೆಯುವ ಬದಲು ಹದಿನೈದು ಫೋಟೊ ತೆಗೆದುಹಾಕುವುದು ಒಳ್ಳೆಯದು.

ವರ್ಡ್‌ಪ್ರೆಸ್‌ನ ಒಂದು ಮೋಸ ತಿಳಿದಿರಲಿ: ಮೀಡಿಯಾ ಲೈಬ್ರರಿಯಲ್ಲಿ ಆಲ್ಟ್ ತಿದ್ದಿದರೆ ಈಗಾಗಲೇ ಪುಟಕ್ಕೆ ಸೇರಿಸಿದ ಚಿತ್ರದಲ್ಲಿ ಅದು ಬದಲಾಗುವುದಿಲ್ಲ. ಪುಟ ತೆರೆದು ಆ ಬ್ಲಾಕಿನಲ್ಲೇ ತಿದ್ದಬೇಕು.

ತಾನಾಗಿ ಓಡುವ ಫೋಟೊ ಸಾಲು, ಪಕ್ಕಕ್ಕೆ ಹರಿಯುವ ಸುದ್ದಿಪಟ್ಟಿ ಐದು ಸೆಕೆಂಡಿಗಿಂತ ಹೆಚ್ಚು ಚಲಿಸಿದರೆ ನಿಲ್ಲಿಸುವ ಬಟನ್ ಕಡ್ಡಾಯ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಯಾವುದನ್ನೂ ಹಾಕಬಾರದು, ಅಪಸ್ಮಾರ ಇರುವವರಿಗೆ ಅದು ಅಪಾಯ. ಓಡುವ ಅಕ್ಷರವನ್ನು ಪೂರ್ತಿ ಕಿತ್ತುಹಾಕಿದರೂ ಯಾರೂ ಅಳುವುದಿಲ್ಲ.

## ಮೌಸ್ ಪಕ್ಕಕ್ಕಿಡಿ

ಮೌಸ್ ತೆಗೆದಿಟ್ಟು ಟ್ಯಾಬ್, ಶಿಫ್ಟ್-ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿ, ಎಸ್ಕೇಪ್ ಇಷ್ಟರಲ್ಲೇ ಕೋಣೆ ಬುಕ್ ಮಾಡಲು ಪ್ರಯತ್ನಿಸಿ. ನಾಲ್ಕು ಕಡೆ ತೊಂದರೆ ಕಾಣುತ್ತದೆ.

ಈಗ ಎಲ್ಲಿದ್ದೇವೆಂದು, ಅಂದರೆ ಫೋಕಸ್ ಎಲ್ಲಿದೆಯೆಂದು, ತೋರಿಸುವ ಚೌಕಟ್ಟು ಮಾಯವಾಗಿರುತ್ತದೆ. ಅಂದ ಕೆಡುತ್ತದೆಂದು ಡಿಸೈನರು ಔಟ್‌ಲೈನ್ ನನ್ ಎಂದು ಬರೆದಿರುತ್ತಾರೆ. ಅದನ್ನು ಅಳಿಸಿ, ಫೋಕಸ್-ವಿಸಿಬಲ್‌ಗೆ 3 ಪಿಕ್ಸೆಲ್ ದಪ್ಪದ ಗಾಢ ಗೆರೆ, 2 ಪಿಕ್ಸೆಲ್ ಅಂತರ ಕೊಡಿ.

ಮೆನುವಿನ ಮೂರು ಗೆರೆಯ ಗುರುತು ಟ್ಯಾಬ್‌ಗೆ ಸಿಗುವುದೇ ಇಲ್ಲ, ಏಕೆಂದರೆ ಅದು ಬಟನ್ ಅಲ್ಲ, ಕ್ಲಿಕ್ ಅಂಟಿಸಿದ ಡಿವ್ ಎಂಬ ಬರೀ ಪೆಟ್ಟಿಗೆ. ಡಿವ್‌ಗೆ ಹತ್ತು ಏರಿಯಾ ಗುಣ ಸೇರಿಸುವುದಕ್ಕಿಂತ ಬಟನ್ ಟ್ಯಾಗನ್ನೇ ಬಳಸಿ, ಎಂಟರ್, ಸ್ಪೇಸ್ ಎರಡೂ ತಾನಾಗಿ ಕೆಲಸ ಮಾಡುತ್ತವೆ. ಮೆನು ತೆರೆದಿದೆಯೋ ಮುಚ್ಚಿದೆಯೋ ಎಂದು ಹೇಳಲು ಏರಿಯಾ-ಎಕ್ಸ್‌ಪ್ಯಾಂಡೆಡ್ ಒಂದು ಸಾಕು.

ರಿಯಾಯಿತಿಯ ಪಾಪ್‌ಅಪ್ ಬಂದು ಕೂರುತ್ತದೆ, ಟ್ಯಾಬ್ ಅದರ ಹಿಂದೆ ಕಾಣದ ಪುಟದಲ್ಲಿ ಓಡಾಡುತ್ತದೆ. ಡೈಲಾಗ್ ಟ್ಯಾಗನ್ನು ಶೋಮೋಡಲ್ ಮೂಲಕ ತೆರೆದರೆ ಫೋಕಸ್ ಒಳಗೇ ಉಳಿಯುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಪಾಪ್‌ಅಪ್ಪೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು, ಮೇಲೆ ಅಂಟಿಕೊಂಡಿರುವ ಪಟ್ಟಿ ಫೋಕಸ್ ಇರುವ ಲಿಂಕನ್ನು ಮುಚ್ಚಿಬಿಡುತ್ತದೆ. 2.2 ಆವೃತ್ತಿಯಲ್ಲಿ ಇದಕ್ಕೆಂದೇ ಹೊಸ ನಿಯಮ ಬಂದಿದೆ. ಸ್ಕ್ರಾಲ್-ಪ್ಯಾಡಿಂಗ್-ಟಾಪ್‌ಗೆ ಪಟ್ಟಿಯ ಎತ್ತರ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಪುಟದ ಆರಂಭದಲ್ಲೇ "ಮುಖ್ಯ ವಿಷಯಕ್ಕೆ ಹೋಗಿ" ಎಂಬ ಲಿಂಕನ್ನೂ ಇಡಿ, ಟ್ಯಾಬ್ ಒತ್ತಿದಾಗ ಮಾತ್ರ ಕಾಣಿಸಿದರೆ ಸಾಕು.

ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕೆಂಬುದು ಎಎ ನಿಯಮ. ಫೋನಿನಲ್ಲಿ ಬಳಸುವವರೇ ಹೆಚ್ಚಾದ್ದರಿಂದ 44 ಇಟ್ಟುಕೊಳ್ಳಿ.

## ಬುಕಿಂಗ್ ಫಾರಂ

ಗ್ರಾಹಕರನ್ನು ಹೆಚ್ಚು ಕಳೆದುಕೊಳ್ಳುವ ಜಾಗ ಇದು. ಪ್ರತಿ ತುಂಬುವ ಚೌಕಕ್ಕೂ ಲೇಬಲ್ ಟ್ಯಾಗ್ ಬೇಕು, ಲೇಬಲ್‌ನ ಫಾರ್ ಗುಣ ಮತ್ತು ಚೌಕದ ಐಡಿ ಒಂದೇ ಆಗಿರಬೇಕು. ಚೌಕದೊಳಗೆ ತಿಳಿ ಬೂದಿಯಲ್ಲಿ ಕಾಣುವ ಪ್ಲೇಸ್‌ಹೋಲ್ಡರ್ ಲೇಬಲ್ ಅಲ್ಲ. ಟೈಪಿಸಲು ಶುರುಮಾಡಿದ ಕೂಡಲೇ ಅದು ಅಳಿಸಿಹೋಗುತ್ತದೆ, ಮರೆವು ಇರುವವರಿಗೆ ಏನು ತುಂಬುತ್ತಿದ್ದೆವು ಎಂಬುದೇ ತಪ್ಪಿಹೋಗುತ್ತದೆ.

ಹೆಸರಿಗೆ ಒಂದೇ ಚೌಕ ಇಡಿ, "ಪೂರ್ಣ ಹೆಸರು" ಎಂದು. ಮೊದಲ ಹೆಸರು, ಕೊನೆಯ ಹೆಸರು ಎಂದು ಒಡೆದು ಎರಡನ್ನೂ ಕಡ್ಡಾಯ ಮಾಡಿದರೆ ಮನೆ ಹೆಸರನ್ನು ಮುಂದಿಟ್ಟು ಬರೆಯುವ ಕೊಡವರಿಗೂ ಇನಿಷಿಯಲ್ ಮಾತ್ರ ಇರುವವರಿಗೂ ಗೊಂದಲ. ಇನ್ನೊಂದು ಸೂಕ್ಷ್ಮ: ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕೆಂದು ತಪಾಸಣೆ ಬರೆಯುವಾಗ ಯುನಿಕೋಡ್‌ನ ಲೆಟರ್ ವರ್ಗ ಒಂದನ್ನೇ ಒಪ್ಪಿದರೆ "ಕಾವೇರಿ" ಎಂಬ ಹೆಸರೂ ತಿರಸ್ಕೃತವಾಗುತ್ತದೆ. ಕನ್ನಡದ ಸ್ವರಚಿಹ್ನೆಗಳು, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ ಮಾರ್ಕ್ ಎಂಬ ಬೇರೆ ವರ್ಗದವು. ಧ್ವನಿಯಿಂದ ಕನ್ನಡದಲ್ಲಿ ಟೈಪಿಸುವವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ, ತಪ್ಪು ಏನೆಂದು ಅವರಿಗೆ ಹೇಳುವವರೂ ಇಲ್ಲ. ಎರಡೂ ವರ್ಗ ಒಪ್ಪಿ, ಇಲ್ಲವೇ ಆ ತಪಾಸಣೆಯನ್ನೇ ಕೈಬಿಡಿ.

ದಿನಾಂಕಕ್ಕೆ ಬ್ರೌಸರಿನದೇ ಡೇಟ್ ಮಾದರಿ ಸಾಕು. ಬೇರೆಡೆಯಿಂದ ತಂದ ಕ್ಯಾಲೆಂಡರ್ ಪ್ಲಗಿನ್‌ಗಳಲ್ಲಿ ಅನೇಕವು ಕೀಬೋರ್ಡಿಗೆ ಬಗ್ಗುವುದಿಲ್ಲ. ಖಾಲಿ ದಿನ ಹಸಿರು, ಭರ್ತಿಯಾದ ದಿನ ಕೆಂಪು ಎಂದಷ್ಟೇ ತೋರಿಸಿದರೆ ಸಾಲದು, "ಖಾಲಿ", "ಭರ್ತಿ" ಎಂಬ ಮಾತೂ ಇರಬೇಕು. ಹೆಸರು, ಫೋನ್, ಇಮೇಲ್ ಚೌಕಗಳಿಗೆ ಆಟೋಕಂಪ್ಲೀಟ್ ಗುಣ ಕೊಡಿ, ಕೈಯಲ್ಲಿ ಟೈಪಿಸಲು ಕಷ್ಟಪಡುವವರಿಗೆ ಅರ್ಧ ಕೆಲಸ ಉಳಿಯುತ್ತದೆ.

ತಪ್ಪಾದಾಗ ಚೌಕದ ಅಂಚು ಕೆಂಪಾದರೆ ಸಾಲದು. "ಫೋನ್ ನಂಬರಿನಲ್ಲಿ 10 ಅಂಕಿ ಇರಬೇಕು, ಈಗ 9 ಇವೆ" ಎಂದು ಚೌಕದ ಕೆಳಗೆ ಬರೆದು, ಏರಿಯಾ-ಡಿಸ್ಕ್ರೈಬ್ಡ್‌ಬೈ ಗುಣದಿಂದ ಚೌಕಕ್ಕೆ ಜೋಡಿಸಿ, ಏರಿಯಾ-ಇನ್‌ವ್ಯಾಲಿಡ್ ಟ್ರೂ ಮಾಡಿ, ಫೋಕಸನ್ನು ಮೊದಲ ತಪ್ಪಿಗೆ ಒಯ್ಯಿರಿ. ಕಳುಹಿಸಿದ ಮೇಲೆ ಬರುವ "ನಿಮ್ಮ ಕೋರಿಕೆ ತಲುಪಿದೆ" ಎಂಬ ಸಂದೇಶಕ್ಕೆ ರೋಲ್ ಸ್ಟೇಟಸ್ ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಸುಮ್ಮನಿರುತ್ತದೆ, ಜನ ಮತ್ತೆ ಮತ್ತೆ ಕಳುಹಿಸುತ್ತಾರೆ.

ಸೊಟ್ಟ ಅಕ್ಷರ ಗುರುತಿಸುವ ಕ್ಯಾಪ್ಚಾ ಬೇಡ. ರೋಬೊಗಳನ್ನು ತಡೆಯಲು ಡಿಸ್‌ಪ್ಲೇ ನನ್ ಹಾಕಿ ಬಚ್ಚಿಟ್ಟ ಒಂದು ಚೌಕ ಇಡಿ. ರೋಬೊ ಅದನ್ನು ತುಂಬುತ್ತದೆ, ಮನುಷ್ಯರಿಗೆ ಅದು ಕಾಣಿಸುವುದೂ ಇಲ್ಲ, ಕೇಳಿಸುವುದೂ ಇಲ್ಲ. ಸಣ್ಣ ತಾಣಕ್ಕೆ ಇದು ಸಾಕು. ಒಟಿಪಿಗೆ 30 ಸೆಕೆಂಡ್ ಗಡುವು ಹಾಕಬೇಡಿ. ಟಾಕ್‌ಬ್ಯಾಕಿನಲ್ಲಿ ಸಂದೇಶ ಹುಡುಕಿ ಕೇಳಿ ಹಿಂದಿರುಗಲು ಹೊತ್ತು ಬೇಕು, ನಮ್ಮ ಬೆಟ್ಟಗಳ ನಡುವೆ ಎಸ್ಎಂಎಸ್ ಬರುವುದೇ ನಿಧಾನ.

## ಬಣ್ಣ, ಗಾತ್ರ, ಒತ್ತಕ್ಷರ

ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ ಸಾಮಾನ್ಯ ಪಠ್ಯಕ್ಕೆ 4.5:1 ಇರಬೇಕು, 24 ಪಿಕ್ಸೆಲ್ ಅಥವಾ ಅದಕ್ಕೂ ದೊಡ್ಡ ಪಠ್ಯಕ್ಕೆ 3:1. ಬಿಳಿಯ ಮೇಲೆ #767676 ಬೂದಿ 4.54 ಬಂದು ಪಾಸಾಗುತ್ತದೆ, #777777 ಬೂದಿ 4.48ಕ್ಕೆ ನಿಂತು ಫೇಲಾಗುತ್ತದೆ. ಥೀಮುಗಳಿಗೆ ಪ್ರಿಯವಾದ #999999 ಬರೀ 2.85. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಬಣ್ಣದ ಚೌಕ ಒತ್ತಿದರೆ ಈ ಅಂಕಿ ಕಾಣುತ್ತದೆ.

ರಾಜಾಸೀಟಿನ ಮಂಜಿನ ಫೋಟೊ ಮೇಲೆ ಬಿಳಿ ಅಕ್ಷರ ಹಾಕುವುದು ಕೊಡಗಿನ ತಾಣಗಳ ಖಾಯಂ ತಪ್ಪು. ಫೋಟೊ ಬದಲಿಸಬೇಕಿಲ್ಲ. ಫೋಟೊ ಮತ್ತು ಅಕ್ಷರದ ನಡುವೆ ಶೇ 60ರಷ್ಟು ಗಾಢತೆಯ ಕಪ್ಪು ಪದರ ಹಾಕಿ. ಅಚ್ಚ ಬಿಳಿ ಮಂಜು ಕೂಡ #666666 ಆಗುತ್ತದೆ, ಅದರ ಮೇಲೆ ಬಿಳಿ ಅಕ್ಷರಕ್ಕೆ 5.7 ಸಿಗುತ್ತದೆ. ಶೇ 50 ಹಾಕಿದರೆ 4ಕ್ಕೂ ಕೆಳಗೆ ಉಳಿಯುತ್ತದೆ.

ಕನ್ನಡಕ್ಕೆ 16 ಪಿಕ್ಸೆಲ್ ಚಿಕ್ಕದು. 18ರಿಂದ ಶುರುಮಾಡಿ, ಅಳತೆಯನ್ನು ರೆಮ್‌ನಲ್ಲಿ ಕೊಡಿ. ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಬೇಡ. ಇಂಗ್ಲಿಷ್ ಥೀಮಿನ 1.2 ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಟನ್ನಿಗೆ ನಿಗದಿತ ಎತ್ತರ ಕೊಟ್ಟು ಓವರ್‌ಫ್ಲೋ ಹಿಡನ್ ಹಾಕಿದ್ದರೆ "ವಿಸ್ತೀರ್ಣ", "ಲಕ್ಷ್ಮಣತೀರ್ಥ" ಮುಂತಾದ ಪದಗಳ ಅಡಿ ಕತ್ತರಿಸಿಹೋಗುತ್ತದೆ. ಎತ್ತರದ ಬದಲು ಪ್ಯಾಡಿಂಗ್ ಕೊಡಿ.

ಕೊನೆಗೆ 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಶೇ 400 ಜೂಮ್ ಮಾಡಿ, ಅಂದರೆ 320 ಪಿಕ್ಸೆಲ್. ಅಡ್ಡಡ್ಡ ಸರಿಸದೆ ಓದಲು ಬರಬೇಕು. ಮೊಬೈಲಿನಲ್ಲಿ ಜೂಮ್ ತಡೆಯುವ ಯೂಸರ್-ಸ್ಕೇಲಬಲ್ ನೋ ಎಂಬ ಸಾಲು ವ್ಯೂಪೋರ್ಟ್ ಟ್ಯಾಗಿನಲ್ಲಿ ಇದ್ದರೆ ಅಳಿಸಿ.

## ಕಾಫಿ ದರ, ಹಾಕಿ ಪಟ್ಟಿ

ದರದ ಕೋಷ್ಟಕಕ್ಕೆ ಕ್ಯಾಪ್ಷನ್ ಕೊಡಿ: "ಕಾಫಿ ದರ, 50 ಕೆ.ಜಿ. ಚೀಲಕ್ಕೆ, ರೂಪಾಯಿಗಳಲ್ಲಿ". ಮೇಲಿನ ಸಾಲಿನ ಶೀರ್ಷಿಕೆಗಳು ಟಿಎಚ್ ಟ್ಯಾಗಿನಲ್ಲಿ, ಸ್ಕೋಪ್ ಕಾಲ್ ಎಂದು. ಪಕ್ಕದ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ಇವೂ ಟಿಎಚ್, ಸ್ಕೋಪ್ ರೋ. ಆಗ ಅಂಕಿಯ ಜೊತೆ ಅದು ಯಾವುದರ ದರವೆಂದೂ ಕೇಳಿಸುತ್ತದೆ. ಎರಡು ಅಂಕಿಗಳ ನಡುವೆ ಅಡ್ಡಗೆರೆ ಹಾಕಿದರೆ ಧ್ವನಿ ಅದನ್ನು ನುಂಗಿ ಎರಡು ಬೆಲೆ ಅಂಟಿಸುತ್ತದೆ, "ರಿಂದ" ಎಂದು ಬರೆಯಿರಿ. ಕೆಂಪು, ಹಸಿರು ಬಾಣಗಳ ಜಾಗದಲ್ಲಿ "100 ಏರಿಕೆ", "50 ಇಳಿಕೆ" ಇರಲಿ. ಕೋಷ್ಟಕದೊಳಗೆ ಚೌಕಗಳನ್ನು ಬೆಸೆಯಬೇಡಿ.

ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಂಥ ಪಂದ್ಯಾವಳಿಯಲ್ಲಿ ನೂರಾರು ಮನೆತನಗಳ ತಂಡಗಳು ಆಡುತ್ತವೆ. ಇಂಥ ಪಂದ್ಯಾವಳಿಯ ಡ್ರಾ ಪಟ್ಟಿಯನ್ನು ಕವಲು ಕವಲಾದ ಒಂದೇ ಚಿತ್ರವಾಗಿ ಹಾಕಿದರೆ ಅದನ್ನು ಆಲ್ಟ್‌ನಲ್ಲಿ ತುರುಕಲು ಸಾಧ್ಯವಿಲ್ಲ. ಚಿತ್ರಕ್ಕೆ "ಡ್ರಾ ಪಟ್ಟಿ, ಪಠ್ಯ ರೂಪ ಕೆಳಗಿದೆ" ಎಂದು ಆಲ್ಟ್ ಕೊಟ್ಟು, ಸುತ್ತಿಗೊಂದು ಎಚ್2, ಅದರ ಕೆಳಗೆ ಪಂದ್ಯ ಸಂಖ್ಯೆ, ಎರಡು ತಂಡ, ಮೈದಾನ, ದಿನ, ಹೊತ್ತು ಇರುವ ಪಟ್ಟಿ ಹಾಕಿ. ಫೋನಿನಲ್ಲಿ ತಮ್ಮ ಮನೆತನದ ಹೆಸರು ಹುಡುಕುವ ಎಲ್ಲರಿಗೂ ಇದೇ ಬೇಗ ಸಿಗುವುದು.

## ವಿಡಿಯೊ ಮತ್ತು ಪಿಡಿಎಫ್

ಮಾತಿರುವ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಬೇಕು. ಎಸ್ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲೇ ಬರೆಯಬಹುದು: ಕ್ರಮಸಂಖ್ಯೆ, ಶುರು ಮತ್ತು ಮುಗಿಯುವ ಸಮಯ, ಮಾತು, ಒಂದು ಖಾಲಿ ಸಾಲು. ಉಳಿಸುವಾಗ ಯುಟಿಎಫ್-8 ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಡ್ರೋನ್ ವಿಡಿಯೊದಲ್ಲಿ ಬರೀ ಸಂಗೀತವಿದ್ದರೆ ಏನು ಕಾಣುತ್ತದೆಂದು ಕೆಳಗೆ ಎರಡು ಸಾಲು ಬರೆಯಿರಿ.

ಪಿಡಿಎಫ್ ಆದಷ್ಟು ಬೇಡ, ಪುಟವನ್ನೇ ಮಾಡಿ. ಮಾಡಲೇಬೇಕಾದರೆ ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಬಳಸಿ ಸೇವ್ ಆ್ಯಸ್ ಮೂಲಕ ಪಿಡಿಎಫ್ ಮಾಡಿ. ಪ್ರಿಂಟ್ ಮೂಲಕ ಮಾಡಿದರೆ ಟ್ಯಾಗುಗಳು ಉದುರಿಹೋಗುತ್ತವೆ. ಆಮೇಲೆ ಕಾಪಿ ಮಾಡಿ ಅಂಟಿಸುವ ಅದೇ ಪರೀಕ್ಷೆ ಮಾಡಿ. ಯುನಿಕೋಡ್‌ನಲ್ಲಿ ಬರೆದಿದ್ದರೂ ಕನ್ನಡ ಪಿಡಿಎಫ್‌ನಲ್ಲಿ ಸ್ವರಚಿಹ್ನೆ, ಒತ್ತಕ್ಷರ ಸ್ಥಳ ತಪ್ಪುವುದುಂಟು.

## ಬರುವವರಿಗೆ ಬೇಕಾದ ಮಾಹಿತಿ

ಇದು ಕೋಡ್ ಅಲ್ಲ, ಆದರೂ ಇಲ್ಲದಿದ್ದರೆ ಉಳಿದ ಶ್ರಮ ವ್ಯರ್ಥ. "ವ್ಹೀಲ್‌ಚೇರ್‌ಗೆ ಅನುಕೂಲ" ಎಂದು ಬರೆದು ಬಿಡಬೇಡಿ, ಅಳತೆ ಕೊಡಿ. ಗಾಡಿ ನಿಲ್ಲುವಲ್ಲಿಂದ ಬಾಗಿಲಿಗೆ ಎಷ್ಟು ಮೀಟರ್, ನೆಲ ಕಲ್ಲೋ ಮಣ್ಣೋ, ಮಳೆಯಲ್ಲಿ ಪಾಚಿ ಕಟ್ಟುತ್ತದೆಯೋ. ಮೆಟ್ಟಿಲು ಎಷ್ಟು, ಒಂದೊಂದು ಎಷ್ಟು ಎತ್ತರ. ಬಾಗಿಲು, ಬಚ್ಚಲ ಬಾಗಿಲು ತೆರೆದಾಗ ಎಷ್ಟು ಸೆಂಟಿಮೀಟರ್ ಅಗಲ. ಕಮೋಡ್ ಇದೆಯೇ, ಪಕ್ಕದಲ್ಲಿ ಹಿಡಿಕಂಬಿ ಇದೆಯೇ. ರ‍್ಯಾಂಪ್ ಇದ್ದರೆ ಎತ್ತರ, ಉದ್ದ ಎರಡನ್ನೂ ಬರೆಯಿರಿ: 1:12 ಇಳಿಜಾರಿಗೆ 45 ಸೆಂಟಿಮೀಟರ್ ಎತ್ತರದ ಜಗಲಿಗೆ 5.4 ಮೀಟರ್ ಉದ್ದ ಬೇಕು, ಒಂದೂವರೆ ಮೀಟರಿನ ಹಲಗೆ ರ‍್ಯಾಂಪ್ ಅಲ್ಲ. ಮಾಂದಲಪಟ್ಟಿಯ ಹಾದಿ ಜೀಪಿನದು ಎಂದೂ ಹೇಳಿ.

ಗೂಗಲ್ ನಕ್ಷೆಯ ಐಫ್ರೇಮ್‌ಗೆ ಟೈಟಲ್ ಗುಣ ಕೊಡಿ, ಜೊತೆಗೆ ದಾರಿಯನ್ನು ಮಾತಿನಲ್ಲಿ ಬರೆಯಿರಿ: ಯಾವ ಬಸ್ಸು, ಎಲ್ಲಿ ಇಳಿಯಬೇಕು, ಅಲ್ಲಿಂದ ಎಡವೋ ಬಲವೋ, ಯಾರಿಗೆ ಫೋನ್ ಮಾಡಬೇಕು. ಕಿವಿ ಕೇಳದವರಿಗೆ ಫೋನ್ ನಂಬರೊಂದೇ ಸಾಲದು, ಸಂದೇಶ ಕಳುಹಿಸುವ ದಾರಿಯೂ ಇರಲಿ.

## ಪರೀಕ್ಷೆ

ಲೈಟ್‌ಹೌಸ್, ವೇವ್, ಆಕ್ಸ್ ಈ ಮೂರು ತಪಾಸಣಾ ತಂತ್ರಾಂಶಗಳಲ್ಲಿ ಯಾವುದಾದರೂ ಒಂದನ್ನು ಓಡಿಸಿ. ಆಲ್ಟ್ ಇಲ್ಲ, ಲೇಬಲ್ ಇಲ್ಲ, ಕಾಂಟ್ರಾಸ್ಟ್ ಸಾಲದು ಎಂಬುದನ್ನು ಅವು ಹಿಡಿಯುತ್ತವೆ. ಆಲ್ಟ್‌ನಲ್ಲಿ ಬರೆದದ್ದು ಸರಿಯೇ, ಅನುಸ್ವಾರದ ಜಾಗದಲ್ಲಿ ಸೊನ್ನೆ ಇದೆಯೇ ಎಂಬುದು ಅವಕ್ಕೆ ತಿಳಿಯುವುದಿಲ್ಲ. ಲೈಟ್‌ಹೌಸ್‌ನಲ್ಲಿ 100 ಬಂದ ತಾಣದಲ್ಲೂ ಬುಕಿಂಗ್ ಮಾಡಲಾಗದೆ ಹೋಗಬಹುದು.

ಒಂದು ಸಾಲಿನ ಕೋಡ್ ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂದು ಮಾರುವ ಓವರ್‌ಲೇ ವಿಜೆಟ್‌ಗಳಿಗೆ ಹಣ ಕೊಡಬೇಡಿ. ಅವು ಆಸ್ಕಿ ಪಠ್ಯವನ್ನು ಕನ್ನಡ ಮಾಡುವುದಿಲ್ಲ, ಪೋಸ್ಟರಿನ ದರವನ್ನು ಕೋಷ್ಟಕ ಮಾಡುವುದಿಲ್ಲ. ಇಂಥ ಅತಿಶಯದ ಪ್ರಚಾರಕ್ಕಾಗಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆಕ್ಸೆಸಿಬಿ ಕಂಪನಿಯಿಂದ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿತು.

ಯಂತ್ರದ ಪರೀಕ್ಷೆ ಮುಗಿದ ಮೇಲೆ ಮನುಷ್ಯರ ಪರೀಕ್ಷೆ. ಟಾಕ್‌ಬ್ಯಾಕನ್ನು ದಿನವೂ ಬಳಸುವ ಒಬ್ಬರು, ಕಣ್ಣು ಮಂಜಾದ ಹಿರಿಯರೊಬ್ಬರು, ಇಬ್ಬರಾದರೂ ಬೇಕು. ಪರಿಚಯದವರಿಲ್ಲದಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯನ್ನೋ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೋ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೋ ಕೇಳಿ. ಸಮಯಕ್ಕೆ ತಕ್ಕ ಹಣ ಕೊಡಿ. "ಹೇಗಿದೆ?" ಎಂದು ಕೇಳಬೇಡಿ, ಸೌಜನ್ಯಕ್ಕೆ ಚೆನ್ನಾಗಿದೆ ಎಂದುಬಿಡುತ್ತಾರೆ. "ಅಕ್ಟೋಬರ್ 17ಕ್ಕೆ ಇಬ್ಬರಿಗೆ ಕೋಣೆ ಕಾದಿರಿಸಿ" ಎಂದು ಕೆಲಸ ಕೊಟ್ಟು ಸುಮ್ಮನೆ ನೋಡಿ. ತೀರ್ಥೋದ್ಭವದ ಆ ದಿನಗಳಲ್ಲಿ ಕೋಣೆ ಭರ್ತಿಯಾಗಿರುತ್ತದೆ, "ಭರ್ತಿ" ಎಂಬ ಸಂದೇಶ ಅವರಿಗೆ ತಲುಪುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ನಡುವೆ ಕೈಹಾಕಿ ಸಹಾಯ ಮಾಡಬೇಡಿ. ಎಲ್ಲಿ ತಡೆದರು, ಎಲ್ಲಿ ಹಿಂದಿರುಗಿದರು ಎಂದು ಗುರುತು ಹಾಕಿಕೊಳ್ಳಿ.

ತಿದ್ದಿದ ತಾಣ ಕೆಡುವುದು ಹೊಸ ಋತುವಿನ ದರ ಹಾಕುವಾಗ. ಅವಸರದಲ್ಲಿ ಯಾರೋ ಮತ್ತೆ ಪೋಸ್ಟರ್ ಏರಿಸುತ್ತಾರೆ, ಪಠ್ಯದ ಕೋಷ್ಟಕದಲ್ಲಿ ಹಳೆಯ ದರವೇ ಉಳಿಯುತ್ತದೆ. ನೋಡುವವರಿಗೆ ಒಂದು ಬೆಲೆ, ಕೇಳುವವರಿಗೆ ಇನ್ನೊಂದು. ಅದಕ್ಕೇ ದರ ಬದಲಿಸುವವರು ಮೊದಲು ಕೋಷ್ಟಕ ತಿದ್ದಲಿ, ಪೋಸ್ಟರ್ ಆಮೇಲೆ ಬರಲಿ.